ಸೆಟ್ ಕೊನೆಗೆ ಕೊಳ್ಳಿ: ಹ್ಯಾಮ್ ಲೈಸೆನ್ಸಿನ ಹತ್ತು ತಿಂಗಳು

ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ನಡೆಸುವವರ ಲೈಸೆನ್ಸ್ ಬಂದು ಮೂರು ವಾರ ಆಯಿತು. ವಿಯು3 ಎಂದು ಶುರುವಾಗುವ ಕಾಲ್‌ಸೈನ್, ಅಂದರೆ ಗಾಳಿಯಲ್ಲಿ ನನ್ನ ಗುರುತು, ಇರುವ ಒಂದು ಹಾಳೆ, ಅಷ್ಟೇ. ಅದಕ್ಕೆ ಹಿಡಿದದ್ದು ಹತ್ತು ತಿಂಗಳು. ಅದರಲ್ಲಿ ಮೂರೂವರೆ ತಿಂಗಳಾದರೂ ನಾನೇ ಕೈಯಾರೆ ಹಾಳು ಮಾಡಿಕೊಂಡದ್ದು. ಹೊಸದಾಗಿ ಈ ದಾರಿಗೆ ಇಳಿಯುವವರಿಗೆ ಆ ಮೂರೂವರೆ ತಿಂಗಳಾದರೂ ಉಳಿಯಲಿ ಎಂದು, ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಎಲ್ಲರ ಹಾಗೆ ನಾನೂ ಹಗ್ಗದ ತಪ್ಪು ತುದಿ ಹಿಡಿದೆ. ಮೂಡಿಗೆರೆ ಕಡೆ ತೋಟ, ಗುಡ್ಡದ ಮರೆಯಲ್ಲಿ ಮನೆ, ಮೊಬೈಲಿಗೆ ಒಂದು ಕಡ್ಡಿಯೂ ಬರುವುದಿಲ್ಲ. ಕಣದಿಂದ ಪಂಪ್‌ಹೌಸಿಗೆ ಒಂದು ಮಾತು ಮುಟ್ಟಿಸಬೇಕೆಂದರೆ ಆಳು ಓಡಬೇಕು. ಆನ್‌ಲೈನಿನಲ್ಲಿ ಎರಡು ಸಾವಿರ ಚಿಲ್ಲರೆಗೆ ‘ಹತ್ತು ಕಿಲೋಮೀಟರ್ ರೇಂಜ್’ ಎಂಬ ವಾಕಿಟಾಕಿ ಕಾಣಿಸಿತು. ಜೋಡಿ ತರಿಸೋಣ ಎಂದು ಹೊರಟವನು ಹಣ ಕಟ್ಟುವ ಮುಂಚೆ ನಿಯಮ ಓದಿದೆ. ಈ ಹತ್ತು ತಿಂಗಳಲ್ಲಿ ನಾನು ಮಾಡಿದ ಜಾಣ ಕೆಲಸ ಅದೊಂದೇ ಇರಬೇಕು.

ನಮ್ಮಲ್ಲಿ ಪ್ರಸಾರ ಮಾಡಬಲ್ಲ ಸೆಟ್ಟನ್ನು ಬಳಸುವುದು ಹಾಗಿರಲಿ, ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೇ ಅನುಮತಿ ಬೇಕು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯಿಂದ ಬಂದ ಕಟ್ಟು ಇದು. 2023ರ ದೂರಸಂಪರ್ಕ ಕಾಯ್ದೆಯಲ್ಲೂ ಧಾಟಿ ಅದೇ. ‘ಬರೀ ಕೇಳ್ತೀನಿ ಸಾರ್, ಗುಂಡಿ ಒತ್ತಲ್ಲ’ ಎಂಬ ಸಮಜಾಯಿಷಿಗೆ ಬೆಲೆಯಿಲ್ಲ. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದದ್ದು ಯಾವ ಸೆಟ್ ಎಂದಲ್ಲ, ಯಾರ ಜೊತೆ ಏನು ಮಾತಾಡಬೇಕು ಎಂದು.

ತೋಟದ ಕೆಲಸ, ಅಂಗಡಿ, ಮದುವೆ ಛತ್ರದ ಉಸ್ತುವಾರಿ, ಚಾರಣದ ಗುಂಪು, ಇಂಥವಕ್ಕೆ ಲೈಸೆನ್ಸ್ ಬೇಡದ ಸೆಟ್‌ಗಳಿವೆ. 446.0ರಿಂದ 446.2 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುವ ಸಣ್ಣ ಕೈಸೆಟ್‌ಗಳು ಅವು. ಸಾಮಾನ್ಯವಾಗಿ ಅರ್ಧ ವ್ಯಾಟ್, ಬಿಚ್ಚಲು ಬಾರದ ಗಿಡ್ಡ ಆಂಟೆನಾ. 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಸಿಟಿಜನ್ ಬ್ಯಾಂಡ್ ಕೂಡ 5 ವ್ಯಾಟ್ ಮಿತಿಯೊಳಗೆ ಮುಕ್ತ, ಆದರೆ ಆ ಸೆಟ್ ನಮ್ಮ ಕಡೆ ಅಂಗಡಿಯಲ್ಲಿ ನೋಡಿದ್ದೇ ಇಲ್ಲ. ಇನ್ನೂ ದೂರ ಮುಟ್ಟಬೇಕು, ದಿನವಿಡೀ ವ್ಯವಹಾರಕ್ಕೇ ಬೇಕು ಎಂದರೆ ಸಂಸ್ಥೆಯ ಹೆಸರಿನಲ್ಲಿ ಫ್ರೀಕ್ವೆನ್ಸಿ ಮಂಜೂರು ಮಾಡಿಸಿಕೊಳ್ಳುವ ಬೇರೆಯೇ ಲೈಸೆನ್ಸ್ ಇದೆ. ಹ್ಯಾಮ್ ಲೈಸೆನ್ಸ್ ಈ ಯಾವುದಕ್ಕೂ ಆಗುವುದಿಲ್ಲ. ಅದು ಹವ್ಯಾಸಕ್ಕೆ, ಕಲಿಕೆಗೆ, ಪ್ರಯೋಗಕ್ಕೆ. ವ್ಯವಹಾರದ ಮಾತು ನಿಷಿದ್ಧ. ಎದುರಿನವರಿಗೂ ಲೈಸೆನ್ಸ್ ಇರಬೇಕು. ತೋಟದ ರೈಟರಿಗೆ, ಅಂದರೆ ಲೆಕ್ಕ-ಉಸ್ತುವಾರಿ ನೋಡುವವರಿಗೆ, ‘ಎರಡನೇ ಮೋಟಾರ್ ಆನ್ ಮಾಡಪ್ಪ’ ಎಂದು ಹ್ಯಾಮ್ ಬ್ಯಾಂಡಿನಲ್ಲಿ ಹೇಳಿದರೆ ಎರಡು ನಿಯಮ ಒಟ್ಟಿಗೆ ಮುರಿದಂತೆ.

ಇಲ್ಲೊಂದು ಕಳ್ಳದಾರಿ ಹಲವರಿಗೆ ಹೊಳೆಯುತ್ತದೆ: 5 ವ್ಯಾಟಿನ ಹ್ಯಾಮ್ ಸೆಟ್ ತಂದು ಅದರಲ್ಲಿ 446 ತುಂಬಿಬಿಟ್ಟರೆ? ಆಗದು. ವಿನಾಯಿತಿ ಸಿಕ್ಕಿರುವುದು ಫ್ರೀಕ್ವೆನ್ಸಿಗೆ ಮಾತ್ರವಲ್ಲ, ಆ ಮಿತಿಯೊಳಗೇ ತಯಾರಾಗಿ ಇಟಿಎ, ಅಂದರೆ ಸಲಕರಣೆಯ ಮಾದರಿಗೆ ಸಿಗುವ ಸರ್ಕಾರಿ ಒಪ್ಪಿಗೆ, ಪಡೆದ ಸೆಟ್ಟಿಗೆ. 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟಕ್ಕೆ ಮಾರ್ಗಸೂಚಿ ಹೊರಡಿಸಿದ ಮೇಲೆ ಮಾರುವವರು ಫ್ರೀಕ್ವೆನ್ಸಿ, ಲೈಸೆನ್ಸಿನ ಅಗತ್ಯ, ಇಟಿಎ ವಿವರಗಳನ್ನು ತೋರಿಸಬೇಕಾಗಿದೆ. ಈ ಮೂರೂ ಇಲ್ಲದ ಪುಟವನ್ನು ಮುಚ್ಚಿಬಿಡಿ.

ಇಷ್ಟು ತಿಳಿಯುವ ಹೊತ್ತಿಗೆ ತೋಟದ ಪ್ರಶ್ನೆ ಹಿಂದೆ ಬಿದ್ದಿತ್ತು, ಹ್ಯಾಮ್ ತಲೆಗೆ ಹತ್ತಿತ್ತು. ನೆದರ್‌ಲ್ಯಾಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ರಿಸೀವರನ್ನು ಬ್ರೌಸರಿನಲ್ಲೇ ತಿರುಗಿಸಿ ಕೇಳಬಹುದು. ಸೆಟ್ ಕೊಳ್ಳದೆ, ಲೈಸೆನ್ಸಿಲ್ಲದೆ ಕಿವಿ ಪಳಗಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. 7 ಮತ್ತು 14 ಮೆಗಾಹರ್ಟ್ಸ್ ಸುತ್ತ ಒಂದು ವಾರ ಕೇಳಿ. ಬಾತುಕೋಳಿ ಕೂಗಿನಂತೆ ಕೇಳುವ ಎಸ್‌ಎಸ್‌ಬಿ (ಒಂದೇ ಪಕ್ಕದ ಪಟ್ಟಿಯಲ್ಲಿ ಕಳುಹಿಸುವ) ದನಿ, ಎಲ್‌ಎಸ್‌ಬಿ (ಕೆಳಪಟ್ಟಿ) ಇಲ್ಲವೇ ಯುಎಸ್‌ಬಿ (ಮೇಲ್ಪಟ್ಟಿ) ಗುಂಡಿ ಒತ್ತಿ ಟ್ಯೂನಿಂಗನ್ನು ನೂರು ಹರ್ಟ್ಸ್ ಅತ್ತಿತ್ತ ಸರಿಸಿದಾಗ ಮನುಷ್ಯರ ಮಾತಾಗುತ್ತದೆ. 10 ಮೆಗಾಹರ್ಟ್ಸಿಗಿಂತ ಕೆಳಗೆ ರೂಢಿ ಎಲ್‌ಎಸ್‌ಬಿ, ಮೇಲೆ ಯುಎಸ್‌ಬಿ.

ಲೈಸೆನ್ಸಿಗೆ ಮೊದಲು ಪರೀಕ್ಷೆ. ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಎಎಸ್‌ಒಸಿ, ಅಂದರೆ ಹವ್ಯಾಸಿ ನಿಲಯ ನಡೆಸುವವರ ಪ್ರಮಾಣಪತ್ರ. 12 ವರ್ಷ ತುಂಬಿದವರು ಬರೆಯಬಹುದು. ದರ್ಜೆ ಎರಡು: ರಿಸ್ಟ್ರಿಕ್ಟೆಡ್ ಮತ್ತು ಜನರಲ್. ರಿಸ್ಟ್ರಿಕ್ಟೆಡ್‌ನವರಿಗೆ ವಿಯು3, ಜನರಲ್‌ನವರಿಗೆ ವಿಯು2. ಜನರಲ್‌ಗೆ ಮೋರ್ಸ್, ಅಂದರೆ ಚುಕ್ಕಿ-ಗೀಟಿನ ತಂತಿ ಸಂಕೇತ, ಬೇಕು: ನಿಮಿಷಕ್ಕೆ 8 ಪದದ ವೇಗದಲ್ಲಿ ಐದು ನಿಮಿಷ, 200 ಅಕ್ಷರ, ಕಳುಹಿಸುವುದೂ ಬರೆದುಕೊಳ್ಳುವುದೂ, ಐದಕ್ಕಿಂತ ಹೆಚ್ಚು ತಪ್ಪಾದರೆ ಹೋಯಿತು. ನಾನು ಮಾಡಿದ ಮೊದಲ ಎಡವಟ್ಟು ಇಲ್ಲಿಯದು. ‘ಬರೆಯುವುದಾದರೆ ಜನರಲ್ಲೇ ಬರೆಯೋಣ’ ಎಂಬ ಹುಮ್ಮಸ್ಸಿನಲ್ಲಿ ಎರಡು ತಿಂಗಳು ಚುಕ್ಕಿ-ಗೀಟು ಕುಟ್ಟುತ್ತ ಕೂತೆ, ಥಿಯರಿ ಮುಟ್ಟಲಿಲ್ಲ, ಅರ್ಜಿಯನ್ನೂ ಹಾಕಲಿಲ್ಲ. ಮೊದಲು ರಿಸ್ಟ್ರಿಕ್ಟೆಡ್ ಮುಗಿಸಿ ಗಾಳಿಯಲ್ಲಿ ಮಾತಾಡುತ್ತಲೇ ಮೋರ್ಸ್ ಕಲಿಯುವುದು ಲೇಸು.

ಅರ್ಜಿ ಸರಳ್ ಸಂಚಾರ್ ಜಾಲತಾಣದಲ್ಲಿ. ಫೋಟೊ, ಸಹಿ, ಗುರುತಿನ ಚೀಟಿ, ವಿಳಾಸ, ಜನ್ಮ ದಿನಾಂಕದ ದಾಖಲೆ. ಪರೀಕ್ಷಾ ಶುಲ್ಕ ನೂರು ರೂಪಾಯಿ, ಭಾರತ್‌ಕೋಶ್ ಎಂಬ ಸರ್ಕಾರಿ ಪಾವತಿ ತಾಣದ ಮೂಲಕ. ಹಣ ಕಟ್ಟಿದ ಮೇಲೆ ರಸೀದಿಯ ಪಿಡಿಎಫ್ ಇಳಿಸಿಕೊಳ್ಳದೆ ಪುಟ ಮುಚ್ಚಬೇಡಿ. ಕೇಳಲು ಸಲೀಸು. ಆದರೆ ನಮ್ಮ ಕಡೆಯವರಿಗೆ ಕಾದಿರುವ ಹಳ್ಳ ಇನಿಷಿಯಲ್ಲಿನದು. ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಆಧಾರ್‌ನಲ್ಲಿ ಊರು ಮತ್ತು ಅಪ್ಪನ ಹೆಸರು ಬಿಡಿಸಿ ಹಿಂದೆ, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಕ್ರಮ. ಮೂರು ಕಡೆ ಮೂರು ಮನುಷ್ಯರು! ನನ್ನ ಅರ್ಜಿ ಒಮ್ಮೆ ಹಿಂದಕ್ಕೆ ಬಂತು. ನೋಟರಿ ಅಫಿಡವಿಟ್ ಮಾಡಿಸಿ, ಎಲ್ಲ ಕಡೆಯೂ ಆಧಾರ್‌ನಲ್ಲಿರುವ ಕ್ರಮದಲ್ಲೇ ಹೆಸರು ತುಂಬಿ ಮತ್ತೆ ಹಾಕಿದೆ. ಆ ತಿದ್ದುಪಡಿಗೆ ಹೋದದ್ದು ಇನ್ನೊಂದೂವರೆ ತಿಂಗಳು. ಅರ್ಜಿಗೆ ಕೂರುವ ಮುಂಚೆ ನಿಮ್ಮ ಎಲ್ಲ ದಾಖಲೆಯನ್ನೂ ಮೇಜಿನ ಮೇಲೆ ಹರಡಿ, ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಜನ್ಮ ದಿನಾಂಕವನ್ನೂ ನೋಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆಸಿದ ಜೂನ್ ಒಂದು ನಮ್ಮಲ್ಲಿ ಬಹಳ ಜನರ ಹುಟ್ಟುಹಬ್ಬ.

ವಿಳಾಸದ ವಿಷಯಕ್ಕೂ ಯೋಚನೆ ಬೇಕು. ನಿಲಯ ಎಲ್ಲಿದೆ ಎಂಬುದು ಲೈಸೆನ್ಸಿನ ಭಾಗ. ಬಾಡಿಗೆ ಮನೆಯಲ್ಲಿದ್ದು ಇನ್ನಾರು ತಿಂಗಳಿಗೆ ಖಾಲಿ ಮಾಡುವವರಾದರೆ, ಊರಿನ ಖಾಯಂ ವಿಳಾಸವೋ ಈಗಿನದೋ ಎಂದು ಮೊದಲೇ ತೀರ್ಮಾನಿಸಿ.

ಓದಿನ ಮಾತು. ರಿಸ್ಟ್ರಿಕ್ಟೆಡ್ ಪತ್ರಿಕೆ ಒಂದು ಗಂಟೆಯದು, 100 ಅಂಕ. ಅರ್ಧ ರೇಡಿಯೊ ಸಿದ್ಧಾಂತ, ಅರ್ಧ ನಿಯಮ. ಪ್ರತಿ ಭಾಗದಲ್ಲೂ ಶೇ. 40, ಒಟ್ಟಾರೆ ಶೇ. 50 ಬರಬೇಕು. ಅಂದರೆ ಎರಡರಲ್ಲೂ ಇಪ್ಪತ್ತಿಪ್ಪತ್ತು ತೆಗೆದವರು ಪಾಸಲ್ಲ. ಒಂದರಲ್ಲಿ ಸೋತದ್ದನ್ನು ಇನ್ನೊಂದರಲ್ಲಿ ತುಂಬಿಕೊಳ್ಳಬೇಕು. ಎಂಜಿನಿಯರಿಂಗ್ ಓದಿದವರು ಎಡವುವುದು ನಿಯಮದ ಭಾಗದಲ್ಲೇ. ಅದನ್ನು ಮೊದಲು ಹಿಡಿಯಿರಿ, ಅಂಕ ಗಟ್ಟಿ. ಭಾರತ ಐಟಿಯುವಿನ, ಅಂದರೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ, 3ನೇ ವಲಯದಲ್ಲಿದೆ. ನಮಗೆ ಮೀಸಲಾದ ಕಾಲ್‌ಸೈನ್ ಸರಣಿ ಎಟಿಎ–ಎಡಬ್ಲ್ಯುಝಡ್, ವಿಟಿಎ–ವಿಡಬ್ಲ್ಯುಝಡ್, 8ಟಿಎ–8ವೈಝಡ್. ಪ್ರಾಣಾಪಾಯಕ್ಕೆ ‘ಮೇಡೇ’, ತುರ್ತಿಗೆ ‘ಪ್ಯಾನ್ ಪ್ಯಾನ್’, ಸುರಕ್ಷತೆಯ ಸೂಚನೆಗೆ ‘ಸೆಕ್ಯುರಿಟೆ’. ‘ಪ್ಯಾನ್ ಪ್ಯಾನ್’ ಮೂರು ಸಲ ಎಂದರೆ ಪ್ಯಾನ್ ಆರು ಸಲ ಬರುತ್ತದೆ ಎಂಬುದನ್ನು ಮರೆಯಬೇಡಿ. ಕ್ಯೂ ಕೋಡ್ ಎಂಬ ಮೂರಕ್ಷರದ ಸಂಕ್ಷೇಪಗಳಲ್ಲಿ ಕ್ಯೂಆರ್‌ಎಂ, ಕ್ಯೂಆರ್‌ಎನ್ ಎರಡೂ ಗದ್ದಲವೇ, ಎಲ್ಲರಿಗೂ ಅದಲುಬದಲು. ಎಂ ಅಂದರೆ ಮಾನವ ಮಾಡಿದ್ದು, ಎನ್ ಅಂದರೆ ನಿಸರ್ಗ ಮಾಡಿದ್ದು ಎಂದಿಟ್ಟುಕೊಂಡ ಮೇಲೆ ನನಗೆ ಮತ್ತೆ ತಪ್ಪಲಿಲ್ಲ.

ಸಿದ್ಧಾಂತಕ್ಕೆ ಪಿಯುಸಿ ಭೌತಶಾಸ್ತ್ರ ಸಾಕು. ಓಮನ ನಿಯಮ, ಸರಣಿ–ಸಮಾಂತರ ರೋಧಕ, ಡಯೋಡು, ಟ್ರಾನ್ಸಿಸ್ಟರು, ಸೂಪರ್‌ಹೆಟ್ ರಿಸೀವರಿನ ಬ್ಲಾಕ್ ಚಿತ್ರ, ಎಎಂ–ಎಫ್‌ಎಂ ವ್ಯತ್ಯಾಸ, ಅಯಾನುಗೋಳದ ಡಿ, ಇ, ಎಫ್ ಪದರಗಳು. ಹಗಲು ಡಿ ಪದರ ಕೆಳಗಿನ ಫ್ರೀಕ್ವೆನ್ಸಿಗಳನ್ನು ನುಂಗುತ್ತದೆ, ರಾತ್ರಿ ಅದು ಕರಗುತ್ತದೆ. ಹಿಂದೆ ರಾತ್ರಿ ಹೊತ್ತು ರೇಡಿಯೊದಲ್ಲಿ ದೂರದ ಮೀಡಿಯಂ ವೇವ್ ನಿಲಯ ಏಕೆ ಸಿಗುತ್ತಿತ್ತು ಎಂಬುದಕ್ಕೂ ಅದೇ ಉತ್ತರ. ತರಂಗಾಂತರಕ್ಕೆ 300ನ್ನು ಮೆಗಾಹರ್ಟ್ಸಿನಿಂದ ಭಾಗಿಸಿ: 300 ಭಾಗಿಸು 145, ಎರಡು ಮೀಟರಿಗೆ ತುಸು ಹೆಚ್ಚು. ‘2 ಮೀಟರ್ ಬ್ಯಾಂಡ್’ ಎಂಬ ಹೆಸರು ಬಂದದ್ದು ಹಾಗೆ. ಒಬ್ಬರೇ ಓದಲು ಬೇಸರವಾದರೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಬಹಳ ಕಾಲದಿಂದ ಹೊಸಬರಿಗೆ ಪಾಠ ಹೇಳುತ್ತ ಬಂದಿರುವ ಸಂಸ್ಥೆ.

ಪರೀಕ್ಷೆಗೆ ತಾರೀಖು ಬರುವವರೆಗಿನ ಕಾಯುವಿಕೆ ಮನಸ್ಸು ತಿನ್ನುತ್ತದೆ. ನನಗೆ ಎರಡು ತಿಂಗಳಾಯಿತು. ಪ್ರತಿದಿನ ಬೆಳಿಗ್ಗೆ ಪೋರ್ಟಲ್ ತೆರೆಯುವುದು, ಇಮೇಲಿನ ಸ್ಪ್ಯಾಮ್ ತಡಕುವುದು. ಸೂಚನೆ ಬಂದಾಗ ಕೈಯಲ್ಲಿ ಉಳಿದಿದ್ದದ್ದು ಕೆಲವೇ ದಿನ. ಹಾಗಾಗಿ ಅರ್ಜಿ ಹಾಕಿದ ದಿನವೇ ನಾಳೆ ಪರೀಕ್ಷೆ ಎಂಬಂತೆ ಓದು ಮುಗಿಸಿಡಿ. ಹೋಗುವಾಗ ಮೂಲ ಗುರುತಿನ ಚೀಟಿ, ಪ್ರವೇಶಪತ್ರ, ಎರಡು ಫೋಟೊ, ನೀಲಿ ಪೆನ್ನು. ಪಕ್ಕದಲ್ಲಿ ಕೂತಿದ್ದದ್ದು ಎಂಟನೇ ತರಗತಿ ಹುಡುಗಿ. ನನಗಿಂತ ಹತ್ತು ನಿಮಿಷ ಮೊದಲು ಎದ್ದು ಹೋದಳು.

ಪಾಸಾದರೆ ಎಲ್ಲ ಮುಗಿಯಿತು ಎಂದುಕೊಳ್ಳುವುದು ಇನ್ನೊಂದು ತಪ್ಪು ಗ್ರಹಿಕೆ. ಎಎಸ್‌ಒಸಿ ಎಂಬುದು ನಿಮಗೆ ನಡೆಸಲು ಬರುತ್ತದೆ ಎಂಬುದಕ್ಕೆ ಪತ್ರ. ನಿಲಯ ಇಟ್ಟುಕೊಳ್ಳುವ ಲೈಸೆನ್ಸಿಗೆ ಅದೇ ಪೋರ್ಟಲಿನಲ್ಲಿ ಪ್ರತ್ಯೇಕ ಅರ್ಜಿ. 20 ವರ್ಷಕ್ಕೆ 1,000 ರೂಪಾಯಿ, ಆಜೀವಕ್ಕೆ 2,000. ನಾನು ಆಜೀವದ್ದು ಕಟ್ಟಿದೆ. ಇಪ್ಪತ್ತು ವರ್ಷವಾದ ಮೇಲೆ ನವೀಕರಣದ ನೆನಪಿಟ್ಟುಕೊಳ್ಳುವ ತಲೆ ನನ್ನದಲ್ಲ. ಕಾಲ್‌ಸೈನ್ ಬರುವವರೆಗೆ ಪ್ರಸಾರವಿಲ್ಲ. ಪ್ರಮಾಣಪತ್ರ ಕೈಗೆ ಬಂದ ಖುಷಿಯಲ್ಲಿ ಗೆಳೆಯನ ಸೆಟ್ ಹಿಡಿದು ಕರೆ ಕೊಟ್ಟುಬಿಡುವ ಆಸೆಯಾಗುತ್ತದೆ, ತಡೆದುಕೊಳ್ಳಿ.

ಈಗ ಸೆಟ್. ನಮ್ಮಲ್ಲಿ ಹ್ಯಾಮ್‌ಗಳಿಗಿರುವ ವಿಎಚ್‌ಎಫ್ ಪಟ್ಟಿ 144ರಿಂದ 146 ಮೆಗಾಹರ್ಟ್ಸ್, ಯುಎಚ್‌ಎಫ್ ಪಟ್ಟಿ 434ರಿಂದ 438. ಹೊಸಬರ ಕೈಗೆ ಬರುವ ಬಾವೊಫೆಂಗ್ ಯುವಿ-5ಆರ್ ಎಂಬ ಅಗ್ಗದ ಚೀನಾ ಕೈಸೆಟ್ 136ರಿಂದ 174, 400ರಿಂದ 520ರವರೆಗೆ ಪ್ರಸಾರ ಮಾಡುತ್ತದೆ. ಆ ಹರವಿನ ನಡುವೆ ಸರ್ಕಾರಿ ಇಲಾಖೆಗಳು, ಖಾಸಗಿ ಲೈಸೆನ್ಸುದಾರರು, ಹಡಗುಗಳ 156.8 ಎಲ್ಲ ಬರುತ್ತವೆ. ಸೆಟ್ಟಿಗೆ ಬೇಲಿಯಿಲ್ಲ, ಬೇಲಿ ನಾವೇ ಹಾಕಬೇಕು. ಕಾರ್ಖಾನೆಯಿಂದ ತುಂಬಿ ಬಂದ ಚಾನೆಲ್‌ಗಳನ್ನು ಮೊದಲ ದಿನವೇ ಅಳಿಸಿ. ಅವು ನಮ್ಮ ಪಟ್ಟಿಯ ಹೊರಗಿರುತ್ತವೆ, ಜೇಬಿನಲ್ಲಿ ಗುಂಡಿ ಒತ್ತಿಕೊಂಡರೂ ತಪ್ಪು ತಪ್ಪೇ.

ಯಾವುದು ಕೊಳ್ಳಲಿ ಎಂದರೆ ನನ್ನ ಅಭಿಪ್ರಾಯ ಹೀಗೆ. ಅಗ್ಗದ್ದೇ ಸಾಕು, ಆದರೆ ಅದರ ದೌರ್ಬಲ್ಯ ತಿಳಿದಿರಲಿ. ಈ ಸೆಟ್‌ಗಳ ರಿಸೀವರ್ ಒಂದೇ ಚಿಪ್ಪಿನ ಮೇಲೆ ನಿಂತಿದೆ, ಮುಂದೆ ಹೇಳಿಕೊಳ್ಳುವಂಥ ಫಿಲ್ಟರಿಲ್ಲ. ಜೊತೆಗೆ ಬಂದ ಗಿಡ್ಡ ಆಂಟೆನಾದಲ್ಲಿ ಚೆನ್ನಾಗಿ ಕೇಳುತ್ತದೆ. ಊರ ನಡುವೆ ತಾರಸಿಯ ಆಂಟೆನಾ ಜೋಡಿಸಿದಿರೋ, ಸುತ್ತಲಿನ ಬಲವಾದ ಸಿಗ್ನಲ್‌ಗಳೆಲ್ಲ ಒಳಗೆ ನುಗ್ಗಿ ಕಿವುಡಾಗುತ್ತದೆ. ಆಂಟೆನಾ ದೊಡ್ಡದಾದಷ್ಟೂ ಕಡಿಮೆ ಕೇಳುವ ವಿಚಿತ್ರ. ಬೆಂಗಳೂರಿನಲ್ಲಿ ತಾರಸಿ ಆಂಟೆನಾ ಹಾಕುವ ಇರಾದೆಯಿದ್ದರೆ ಮುಂದೆ ಒಳ್ಳೆಯ ಫಿಲ್ಟರಿರುವ, ಹೆಚ್ಚು ಬೆಲೆಯ ಸೆಟ್ ನೋಡಿ. ತೋಟದ ಮನೆಗೆ ಬಾವೊಫೆಂಗೇ ಧಾರಾಳ, ಅಲ್ಲಿ ನುಗ್ಗಲು ಬೇರೆ ಸಿಗ್ನಲ್ಲೇ ಇಲ್ಲ. ಲೈಸೆನ್ಸಿನ ಪ್ರತಿ ಕೇಳುವ ಮಾರಾಟಗಾರರ ಹತ್ತಿರವೇ ಕೊಂಡುಕೊಳ್ಳಿ.

ರೇಂಜಿನ ಲೆಕ್ಕವನ್ನು ಪೆಟ್ಟಿಗೆಯ ಮೇಲೆ ನೋಡಬೇಡಿ. ಈ ಫ್ರೀಕ್ವೆನ್ಸಿಗಳು ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರ ಹೋಗುತ್ತವೆ. ನಿಂತ ಎತ್ತರವನ್ನು ಮೀಟರಿನಲ್ಲಿ ಹಿಡಿದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ರೇಡಿಯೊ ದಿಗಂತ ಸಿಗುತ್ತದೆ. ಬಾಯಿಯ ಹತ್ತಿರ, ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದ ಸೆಟ್ಟಿಗೆ ಐದು ಕಿಲೋಮೀಟರ್. ಇಬ್ಬರೂ ಬಯಲಿನಲ್ಲಿ ನಿಂತರೆ ಹತ್ತು. ಪೆಟ್ಟಿಗೆಯ ಹತ್ತು ಬಂದದ್ದು ಇಲ್ಲಿಂದ ಇರಬೇಕು. ಕಾಫಿ, ಸಿಲ್ವರ್ ಓಕ್, ಹಲಸಿನ ನಡುವೆ ಅದು ಒಂದು ಕಿಲೋಮೀಟರಿಗೂ ಬರುವುದಿಲ್ಲ, ಮಧ್ಯೆ ಗುಡ್ಡ ಬಂದರೆ ಮುಗಿಯಿತು. ಅದೇ 1,900 ಮೀಟರ್ ದಾಟುವ ಮುಳ್ಳಯ್ಯನಗಿರಿಯಲ್ಲಿ ನಿಂತರೆ, ಕೆಳಗಿನ ಬಯಲಿಗಿಂತ 900 ಮೀಟರ್ ಮೇಲಿದ್ದೀರಿ ಎಂದು ಹಿಡಿದರೂ, ದಿಗಂತ 120 ಕಿಲೋಮೀಟರ್ ಆಚೆ. ಐದು ವ್ಯಾಟನ್ನು ಹತ್ತು ಮಾಡುವುದಕ್ಕಿಂತ ಹತ್ತು ಮೀಟರ್ ಮೇಲೆ ಹತ್ತುವುದು ಲಾಭ.

ರಿಪೀಟರ್ ಇರುವುದು ಆ ಎತ್ತರವನ್ನು ಹಂಚಿಕೊಳ್ಳಲಿಕ್ಕೇ. ಅದು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿ, 600 ಕಿಲೋಹರ್ಟ್ಸ್ ಪಕ್ಕದಲ್ಲಿ ಮತ್ತೆ ಹೇಳುತ್ತದೆ. ಉದಾಹರಣೆಗೆ 145.650ರಲ್ಲಿ ಮಾತಾಡುವ ರಿಪೀಟರಿಗೆ ನಾವು 145.050ರಲ್ಲಿ ಕಳುಹಿಸಬೇಕು, ಜೊತೆಗೆ ಕಿವಿಗೆ ಕೇಳದ ಒಂದು ಟೋನ್. ನಿಮ್ಮೂರಿನ ರಿಪೀಟರಿನ ಅಂಕಿಗಳನ್ನು ಸ್ಥಳೀಯ ಹ್ಯಾಮ್‌ಗಳಿಂದ ಕೇಳಿಕೊಳ್ಳಿ. ಯುವಿ-5ಆರ್‌ನಲ್ಲಿ ಇದನ್ನು ಕೀಲಿಯಿಂದಲೇ ತುಂಬುವಾಗ ನನಗೆ ಒಂದು ಇಡೀ ಭಾನುವಾರ ಹೋಯಿತು, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವಿಎಫ್‌ಒ ಗುಂಡಿ ಒತ್ತಿ ಫ್ರೀಕ್ವೆನ್ಸಿ ಸ್ಥಿತಿಗೆ ಬನ್ನಿ, ಬಾಣ ಮೇಲಿನ ಸಾಲಿನಲ್ಲಿರಲಿ. ಕೆಳಗಿನ ಸಾಲಿನಿಂದ ಉಳಿಸಲು ಹೋದರೆ ಉಳಿಯುವುದಿಲ್ಲ. 7ನೇ ಮೆನು ಟಿಡಿಆರ್ (ಎರಡು ಫ್ರೀಕ್ವೆನ್ಸಿಗೆ ಒಟ್ಟಿಗೆ ಕಿವಿ ಕೊಡುವ ಸೌಲಭ್ಯ) ಆಫ್. 145650 ಒತ್ತಿ. 13ನೇ ಮೆನು ಟಿ-ಸಿಟಿಸಿಎಸ್‌ನಲ್ಲಿ ಕಳುಹಿಸುವ ಟೋನ್ ಇಡಿ. ಹತ್ತಿರದ 11ನೆಯದು ಆರ್-ಸಿಟಿಸಿಎಸ್, ಕೇಳುವ ಕಡೆಯ ಟೋನ್, ಅದನ್ನು ಮುಟ್ಟಬೇಡಿ. ರಿಪೀಟರ್ ಆ ಟೋನನ್ನು ಹಿಂದಕ್ಕೆ ಕಳುಹಿಸದಿದ್ದರೆ ಸೆಟ್ ಮೂಕವಾಗಿ ಕೂರುತ್ತದೆ, ಕೆಟ್ಟಿತೆಂದು ನೀವು ಅಂಗಡಿಗೆ ಓಡುತ್ತೀರಿ. 26ರಲ್ಲಿ ಅಂತರ 000600, 25ರಲ್ಲಿ ದಿಕ್ಕಿಗೆ ಮೈನಸ್ ಚಿಹ್ನೆ. ಇವೆರಡರಲ್ಲಿ ಒಂದೇ ಮಾಡಿದರೆ ಕೆಲಸವಾಗದು. ಈಗ 27ನೇ ಮೆನುವಿಗೆ ಹೋಗಿ ಖಾಲಿ ಚಾನೆಲ್ ಆರಿಸಿ ಉಳಿಸಿ. ಸೆಟ್ಟಿನ ದನಿ ‘ರಿಸೀವಿಂಗ್ ಮೆಮೊರಿ’ ಎನ್ನುತ್ತದೆ. ನಾನು ಇಲ್ಲಿಗೇ ನಿಲ್ಲಿಸಿದ್ದೆ. ಉಳಿದದ್ದು ಬರೀ ಕೇಳುವ ಅರ್ಧ! ನಕ್ಷತ್ರದ ಗುರುತಿನ ಸ್ಕ್ಯಾನ್ ಗುಂಡಿಯನ್ನು ಒಮ್ಮೆ ತಟ್ಟಿದರೆ ಪರದೆ 145.050ಕ್ಕೆ ತಿರುಗುತ್ತದೆ. ಮತ್ತೆ 27ಕ್ಕೆ ಹೋಗಿ ಅದೇ ಚಾನೆಲ್‌ಗೆ ಇನ್ನೊಮ್ಮೆ ಉಳಿಸಿ, ಈ ಸಲ ‘ಟ್ರಾನ್ಸ್‌ಮಿಟಿಂಗ್ ಮೆಮೊರಿ’ ಎಂದು ಕೇಳಬೇಕು. ಎರಡೂ ಮಾತು ಕೇಳಿದರೆ ಮಾತ್ರ ಚಾನೆಲ್ ಪೂರ್ತಿ.

ಕಂಪ್ಯೂಟರಿನಲ್ಲಿ ಚಿರ್ಪ್ ತಂತ್ರಾಂಶದಿಂದ ಮಾಡುವುದು ಸುಲಭ, ಆದರೆ ಕೇಬಲ್ ಸತಾಯಿಸುತ್ತದೆ. ಅಗ್ಗದ ಕೇಬಲ್‌ಗಳಲ್ಲಿ ನಕಲಿ ಪಿಎಲ್2303 ಚಿಪ್ ಇರುವುದುಂಟು, ವಿಂಡೋಸಿನ ಹೊಸ ಡ್ರೈವರ್ ಅದನ್ನು ಒಪ್ಪುವುದಿಲ್ಲ. ಹಳೆಯ ಡ್ರೈವರ್ ಹಾಕಬೇಕು, ಇಲ್ಲವೇ ಸಿಎಚ್340 ಅಥವಾ ಎಫ್‌ಟಿಡಿಐ ಚಿಪ್ಪಿನ ಕೇಬಲ್ ತರಬೇಕು. ಡ್ರೈವರ್ ಸರಿಯಿದ್ದೂ ‘ರೇಡಿಯೊ ಉತ್ತರಿಸುತ್ತಿಲ್ಲ’ ಎಂದು ಬಂದರೆ, ಎರಡು ಪಿನ್ನಿನ ಪ್ಲಗ್ ಕೊನೆಯ ಒಂದು ಮಿಲಿಮೀಟರ್ ಒಳಗೆ ಹೋಗಿಲ್ಲ ಎಂದರ್ಥ. ಟಕ್ ಎನ್ನುವವರೆಗೆ ಒತ್ತಿ. ಮೊದಲು ಸೆಟ್ಟಿನಿಂದ ಇಳಿಸಿ ಆ ಕಡತವನ್ನು ಹಾಗೆಯೇ ಒಂದು ಕಡೆ ಉಳಿಸಿ, ಆಮೇಲೆ ತಿದ್ದಿ ಏರಿಸಿ.

ಆಂಟೆನಾಗೆ ಹಣ ಸುರಿಯುವ ಮುಂಚೆ ಒಂದು ಗ್ರೌಂಡ್ ಪ್ಲೇನ್, ಅಂದರೆ ನಡುವೆ ನೆಟ್ಟಗೆ ಒಂದು ಕಡ್ಡಿ, ಕೆಳಗೆ ಸುತ್ತಲೂ ನಾಲ್ಕು ಕಡ್ಡಿಯ ಆಂಟೆನಾ, ಕೈಯಲ್ಲೇ ಮಾಡಿನೋಡಿ. ಎಸ್‌ಒ-239 ಎಂಬ ನಾಲ್ಕು ಮೂಲೆಯಲ್ಲಿ ತೂತಿರುವ ಸಾಕೆಟ್, ಮೂರು ಮಿಲಿಮೀಟರ್ ದಪ್ಪದ ಹಿತ್ತಾಳೆ ಕಡ್ಡಿ ಐದು, ನಟ್-ಬೋಲ್ಟ್, ಬೆಸುಗೆ. ನಡುವಿನ ಕಡ್ಡಿಯ ಉದ್ದಕ್ಕೆ 71.5ನ್ನು ಮೆಗಾಹರ್ಟ್ಸಿನಿಂದ ಭಾಗಿಸಿ: 145ಕ್ಕೆ 0.493 ಮೀಟರ್, ಅಂದರೆ 49.3 ಸೆಂಟಿಮೀಟರ್. ಆದರೆ 51ಕ್ಕೆ ಕತ್ತರಿಸಿ, ಕತ್ತರಿಸಿದ್ದನ್ನು ಬೆಳೆಸಲಾಗದು. ಕೆಳಗಿನ ನಾಲ್ಕು ಕಡ್ಡಿ 52 ಸೆಂಟಿಮೀಟರ್, 45 ಡಿಗ್ರಿ ಕೆಳಕ್ಕೆ ಬಾಗಲಿ. ಮಟ್ಟವಾಗಿ ಚಾಚಿದರೆ ಇಂಪೆಡೆನ್ಸ್ 50 ಓಮಿಗಿಂತ ಸಾಕಷ್ಟು ಕೆಳಗಿರುತ್ತದೆ, ಬಗ್ಗಿಸಿದಾಗ 50ರ ಹತ್ತಿರ ಬರುತ್ತದೆ. ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಶಕ್ತಿ ಎಷ್ಟು ಹಿಂದಿರುಗುತ್ತಿದೆ ಎಂಬುದರ ಅಳತೆ, 1 ಆದರೆ ಏನೂ ಇಲ್ಲ) ನೋಡುತ್ತ ನಡುವಿನದನ್ನು ಐದೈದು ಮಿಲಿಮೀಟರ್ ಕತ್ತರಿಸಿ. ಪ್ರತಿ ಐದಕ್ಕೆ ಸುಮಾರು ಒಂದೂವರೆ ಮೆಗಾಹರ್ಟ್ಸ್ ಮೇಲೆ ಸರಿಯುತ್ತದೆ. 1.5ರ ಒಳಗೆ ಬಂದರೆ ನಿಲ್ಲಿಸಿ. ಅದನ್ನು 1.1ಕ್ಕೆ ತರಲು ಒದ್ದಾಡಿ ನಾನು ಒಂದು ಕಡ್ಡಿ ಹಾಳು ಮಾಡಿದೆ. ಅಳೆಯಲು ನ್ಯಾನೊವಿಎನ್‌ಎ ಎಂಬ ಪುಟ್ಟ ಉಪಕರಣ ಬೇಕು, ಅದನ್ನು ಕೊಳ್ಳುವ ಬದಲು ಹಳೆಯ ಹ್ಯಾಮ್ ಒಬ್ಬರ ಹತ್ತಿರ ಒಂದು ಸಂಜೆಗೆ ಕೇಳಿ, ಕಾಫಿಯೂ ಸಿಗುತ್ತದೆ.

ಕೇಬಲಿನಲ್ಲಿ ಜಿಪುಣತನ ಬೇಡ. ತೆಳ್ಳಗಿನ ಆರ್‌ಜಿ-58 ಈ ಫ್ರೀಕ್ವೆನ್ಸಿಯಲ್ಲಿ 15 ಮೀಟರಿಗೆ ಸುಮಾರು 3 ಡೆಸಿಬೆಲ್ ನುಂಗುತ್ತದೆ, ಅಂದರೆ ಐದು ವ್ಯಾಟಿನಲ್ಲಿ ಅರ್ಧ ಮೇಲೆ ಹತ್ತುವುದೇ ಇಲ್ಲ. ಆರ್‌ಜಿ-213 ಅದರ ಅರ್ಧಕ್ಕಿಂತ ಕಡಿಮೆ. ಆದರೆ ಆ ದಪ್ಪ ಕೇಬಲನ್ನು ಕೈಸೆಟ್ಟಿನ ಎಸ್‌ಎಂಎ ಸಾಕೆಟ್ಟಿಗೆ ನೇರ ತೂಗುಬಿಟ್ಟರೆ ಸಾಕೆಟ್ ಕಿತ್ತು ಬರುತ್ತದೆ; ಮಧ್ಯೆ ಒಂದಡಿ ಮೆದು ಕೇಬಲ್ ಇರಲಿ. ಮಲೆನಾಡಿನ ಮಳೆಗೆ ಮೇಲಿನ ಜಾಯಿಂಟಿಗೆ ತನ್ನಷ್ಟಕ್ಕೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಕೇಬಲ್ ಮನೆ ಹೊಕ್ಕುವ ಮುಂಚೆ ಒಂದು ಕೊಕ್ಕೆಯ ಹಾಗೆ ಕೆಳಗೆ ಬಾಗಿ ಬರಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಏಪ್ರಿಲ್–ಮೇ ಸಿಡಿಲಿನ ಕಾಲದಲ್ಲಿ ಮೋಡ ಕಟ್ಟಿದ ಕೂಡಲೇ ಕೇಬಲ್ ಬಿಚ್ಚಿ ಹೊರಗೆ ಹಾಕುವುದು ದಿನಚರಿಯಾಗಲಿ.

ಮೊದಲ ಮಾತಿನ ದಿನ ಕೈ ನಡುಗುವುದು ಸಹಜ. ಹತ್ತು ನಿಮಿಷ ಕೇಳಿ, ಎರಡು ಮಾತಿನ ನಡುವಿನ ಖಾಲಿಯಲ್ಲಿ ಕಾಲ್‌ಸೈನ್ ಹೇಳಿದೆ: ‘ವಿಕ್ಟರ್ ಯೂನಿಫಾರ್ಮ್ ಥ್ರೀ’ ಮತ್ತು ಮೂರಕ್ಷರ. ಆಚೆಯಿಂದ ಹಿರಿಯರೊಬ್ಬರ ದನಿ: ‘ವೆಲ್‌ಕಮ್ ಓಎಂ. ನಿಮ್ಮ ಕಾಲ್‌ಸೈನ್ ತಲೆ ಕತ್ತರಿಸಿ ಬರ್ತಾ ಇದೆ. ಪಿಟಿಟಿ ಒತ್ತಿ ಒಂದು ಸೆಕೆಂಡ್ ಬಿಟ್ಟು ಮಾತಾಡಿ.’ ಪಿಟಿಟಿ ಎಂದರೆ ಮಾತಾಡಲು ಒತ್ತುವ ಗುಂಡಿ, ಓಎಂ ಎಂದರೆ ಓಲ್ಡ್ ಮ್ಯಾನ್. ಹದಿನೆಂಟರ ಹುಡುಗನಿಗೂ ಎಪ್ಪತ್ತರ ಅಜ್ಜನಿಗೂ ಇಲ್ಲಿ ಅದೇ ಮರ್ಯಾದೆ. ಆ ಒಂದು ಸೆಕೆಂಡಿಗೆ ಕಾರಣವಿದೆ: ರಿಪೀಟರ್ ಟೋನ್ ಗುರುತಿಸಿ ಎಚ್ಚರಗೊಳ್ಳಲು ತುಸು ಹೊತ್ತು ಬೇಕು. ಮೈಕಿನಿಂದ ನಾಲ್ಕು ಬೆರಳು ದೂರ, ಮುಖಕ್ಕೆ ಓರೆಯಾಗಿ ಹಿಡಿದು ಸಹಜ ದನಿಯಲ್ಲಿ ಮಾತಾಡಿ. ಕೂಗಿದರೆ ಎಫ್‌ಎಂನಲ್ಲಿ ದನಿ ಒಡೆಯುತ್ತದೆ, ದೂರವೇನೂ ಹೋಗುವುದಿಲ್ಲ. ಮುಗಿದ ಮೇಲೆ ಲಾಗ್ ಪುಸ್ತಕದಲ್ಲಿ ತಾರೀಖು, ಹೊತ್ತು, ಫ್ರೀಕ್ವೆನ್ಸಿ, ಎದುರಿನ ಕಾಲ್‌ಸೈನ್ ಬರೆಯಬೇಕು. ಚಾರಣಕ್ಕೆ ಒಯ್ಯುವಾಗ ಲೈಸೆನ್ಸಿನ ಪ್ರತಿ ಸೆಟ್ಟಿನ ಜೊತೆಗೇ ಇರಲಿ. ಆಂಟೆನಾ ಕಂಡವರು ಕೇಳುತ್ತಾರೆ, ಕೇಳುವುದು ಅವರ ಕೆಲಸ.

ಖರ್ಚು ಕೂಡಿಸಿದೆ. ಪರೀಕ್ಷೆ 100, ಲೈಸೆನ್ಸ್ 2,000, ಸೆಟ್ 2,400, ಕೇಬಲ್ಲು ಆಂಟೆನಾ ಇತ್ಯಾದಿಗೆ ಬೇರೆ ಮೂರು ಸಾವಿರದ ಆಸುಪಾಸು. ಅಫಿಡವಿಟ್ಟಿಗೂ ಬಸ್ಸಿಗೂ ಹೋದದ್ದನ್ನು ಬರೆದಿಟ್ಟಿಲ್ಲ.

ತೋಟಕ್ಕೆ ಕೊನೆಗೆ 446ರ ಲೈಸೆನ್ಸ್ ಬೇಡದ ಜೋಡಿಯೊಂದನ್ನು ಬೇರೆಯಾಗಿ ತರಿಸಿದೆ. ಕಣದಿಂದ ಪಂಪ್‌ಹೌಸಿಗೆ ಮುಟ್ಟುತ್ತದೆ, ರೈಟರು ಹಲಸಿನ ಮರದ ಈ ಪಕ್ಕ ನಿಂತರೆ. ಆ ಪಕ್ಕ ಹೋದರೆ ಈಗಲೂ ಆಳೇ ಓಡಬೇಕು.